ನಕ್ಷತ್ರಿಕನ ಕೂಲಿ

ಮೊನ್ನೆ ಶನಿವಾರ ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ಯಕ್ಷಗಾನ ಬಯಲಾಟ ಇತ್ತು. ಪ್ರಸಂಗ ಸತ್ಯ ಹರಿಶ್ಚಂದ್ರ. ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ಮುಗಿಸುವ ಮೊದಲು ಒಂದಾದರೂ ಪೂರ್ತಿ ರಾತ್ರಿಯ ಆಟ ನೋಡಬೇಕು ಅಂತ ಭಾವನನ್ನೂ ಎಳೆದುಕೊಂಡು ಹೋಗಿದ್ದೆ. ಭಾವ ಅಂದರೆ ಅಕ್ಕನ ಗಂಡ. ರಿಟೈರ್ ಆದ ಕನ್ನಡ ಮಾಸ್ಟ್ರು. ಆಟ ನೋಡುವಾಗಲೂ ಕೈಯಲ್ಲಿ ಕೆಂಪು ಪೆನ್ನು ಇರುವ ಹಾಗೆ ಕೂರುತ್ತಾರೆ.

ಬೆಳಗ್ಗೆ ಮಂಗಳ ಆಯಿತು. ಇಬ್ಬರೂ ನಿದ್ದೆಗಣ್ಣಲ್ಲಿ ಹೋಟೆಲಿಗೆ ಹೋಗಿ ಚಾ, ಗೋಳಿಬಜೆ ಹೇಳಿದೆವು. ಚಾ ಬರುವ ಮೊದಲೇ ಭಾವ ಶುರು ಮಾಡಿದರು. "ಆ ನಕ್ಷತ್ರಿಕ ಒಬ್ಬ ಇಲ್ಲದಿದ್ದರೆ ಆಟ ಒಳ್ಳೆದಿತ್ತು ಮಾರಾಯ. ಚಂದ್ರಮತಿ ಅಳುವಾಗ ಇವನದ್ದೊಂದು ತಮಾಷೆ. ಕರುಣರಸ ಪೂರಾ ಹಾಳು."

ಅರ್ಧ ಮಾತು ನಾನು ಒಪ್ಪುತ್ತೇನೆ. ಇನ್ನರ್ಧಕ್ಕೆ ಸಿಟ್ಟು ಬಂತು. ಅಲ್ಲಿ ಚಾ ಆರುವವರೆಗೆ ವಾದ ಮಾಡಿದರೂ ಮುಗಿಯಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಆಟ ನೋಡದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ನಕ್ಷತ್ರಿಕ ವಿಶ್ವಾಮಿತ್ರನ ಶಿಷ್ಯ. ರಾಜ್ಯ ಕಳಕೊಂಡ ಹರಿಶ್ಚಂದ್ರನ ಬೆನ್ನ ಹಿಂದೆಯೇ ನಡೆದು ಸಾಲ ವಸೂಲಿ ಮಾಡುವುದು ಅವನ ಕೆಲಸ. ಕಾಲು ನೋವು ಅಂತಾನೆ, ಹಸಿವು ಅಂತಾನೆ, ನಡೆಯಲಿಕ್ಕೆ ಆಗುವುದಿಲ್ಲ ಅಂತ ನೆಲದಲ್ಲೇ ಕೂರುತ್ತಾನೆ. ನಮ್ಮ ಕಡೆ ಬೆನ್ನು ಬಿಡದೆ ಕಾಡುವವನಿಗೆ ಇಂದಿಗೂ ನಕ್ಷತ್ರಿಕ ಅಂತಲೇ ಹೆಸರು. ಈ ವೇಷ ಹಾಸ್ಯಗಾರನದ್ದು. ಅಂದರೆ ಪ್ರಸಂಗದಲ್ಲಿ ಅತಿ ಹೆಚ್ಚು ಕಣ್ಣೀರು ಬರುವ ಜಾಗದಲ್ಲೇ ಹಾಸ್ಯಗಾರನನ್ನು ನಿಲ್ಲಿಸಿದ್ದಾರೆ. ಇದು ಗೊತ್ತಿಲ್ಲದೆ ಆದದ್ದಾ? ನನಗೆ ಹಾಗೆ ಅನಿಸುವುದಿಲ್ಲ.

ಆ ರಾತ್ರಿ ಅವನು ಎರಡು ಸಲ ಜೋರು ನಗಿಸಿದ. ಮೊದಲನೆಯದು ಹರಿಶ್ಚಂದ್ರ ಕೈಯಲ್ಲಿ ಕಾಸಿಲ್ಲ ಅಂದಾಗ. "ಹಾಗಾದರೆ ಗೂಗಲ್ ಪೇ ಮಾಡಿ ಸ್ವಾಮಿ" ಅಂದ. ಚಪ್ಪಾಳೆ ಬಿತ್ತು. ನನಗೆ ಕುರ್ಚಿ ಬಿಟ್ಟು ಎದ್ದು ಹೋಗುವ ಅನಿಸಿತು. ಆ ಒಂದು ಮಾತಿಗೆ ಕಾಶಿಯ ಬೀದಿ ಮಾಯ, ಹರಿಶ್ಚಂದ್ರ ಮಾಯ. ಉಳಿದದ್ದು ಟ್ಯೂಬ್‌ಲೈಟ್ ಮತ್ತು ಬಣ್ಣ ಹಚ್ಚಿದ ಇಬ್ಬರು ಗಂಡಸರು. ಭಾವನ ಸಿಟ್ಟು ಇದರ ಮೇಲಾದರೆ ನಾನು ಅವರ ಪಕ್ಷ.

ಎರಡನೆಯದು ಬೆಳಗಿನ ಜಾವ ಮೂರು ದಾಟಿದ ಮೇಲೆ. ಚಂದ್ರಮತಿಯನ್ನು ಮಾರಿ ಆಗಿದೆ. ಮಗು ಲೋಹಿತಾಶ್ವ ಅವಳ ಸೆರಗು ಹಿಡಿದು ನಿಂತಿದ್ದಾನೆ. ಹರಿಶ್ಚಂದ್ರ ಬೆನ್ನು ಹಾಕಿದ್ದಾನೆ. ಇತ್ತ ನಕ್ಷತ್ರಿಕ ರಂಗಸ್ಥಳದ ಮೂಲೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಪಾದದ ಮುಳ್ಳು ಹುಡುಕುತ್ತಿದ್ದಾನೆ. "ಅಯ್ಯೋ, ಕಾಶಿಯ ಮುಳ್ಳಿಗೂ ನಾನೇ ಸಿಕ್ಕಿದ್ದಾ" ಅಂತ ನರಳುತ್ತಾನೆ. ಉಗುರಿನಲ್ಲಿ ತೆಗೆಯಲಿಕ್ಕೆ ಹೋಗಿ ಬೊಬ್ಬೆ ಹಾಕುತ್ತಾನೆ. ಜನ ನಗುತ್ತಿದ್ದಾರೆ, ನಾನೂ ನಗುತ್ತಿದ್ದೇನೆ. ಆಗ ಚಂದ್ರಮತಿ ಹೊರಟವಳು ನಿಂತಳು. ತಿರುಗಿ ಬಂದಳು. ಅವನೆದುರು ಮೊಣಕಾಲೂರಿ ಕೂತು, ಪಾದ ಹಿಡಿದು ಬೆಳಕಿಗೆ ಹೊರಳಿಸಿ ಮುಳ್ಳು ತೆಗೆದಳು. ಮಗನ ಕಾಲಿನ ಮುಳ್ಳು ತೆಗೆದು ಅಭ್ಯಾಸ ಇರುವ ಕೈ ಅದು, ನೋಡುವಾಗಲೇ ಗೊತ್ತಾಗುತ್ತದೆ. ಒಂದು ಮಾತಿಲ್ಲ. ಎದ್ದು ಹೋದಳು.

ನಕ್ಷತ್ರಿಕ ಸ್ವಲ್ಪ ಹೊತ್ತು ಆ ಕಾಲನ್ನೇ ನೋಡಿದ. ಆಮೇಲೆ ಮುಖ ಆಚೆ ಮಾಡಿ ಸಣ್ಣ ದನಿಯಲ್ಲಿ, "ನನ್ನ ಕೂಲಿ ಇನ್ನೂ ಬರಲಿಲ್ಲ" ಅಂದ. ಅದೇ ಮಾತು, ಸಂಜೆಯಿಂದ ಹತ್ತು ಸಲ ಹೇಳಿ ನಗಿಸಿದ್ದ ಮಾತು. ಈ ಸಲ ಯಾರೂ ನಗಲಿಲ್ಲ. ನನ್ನ ಪಕ್ಕದಲ್ಲಿ ನೆಲಗಡಲೆ ತಿನ್ನುತ್ತಿದ್ದವರು ಬಾಯಾಡಿಸುವುದನ್ನು ನಿಲ್ಲಿಸಿದರು.

ಇದನ್ನು ಭಾವ 'ತಮಾಷೆ' ಅನ್ನುತ್ತಾರೆ!

ಇಂಥದ್ದಕ್ಕೆ ಇಂಗ್ಲಿಷಿನಲ್ಲಿ ಟ್ರ್ಯಾಜಿಕಾಮಿಡಿ ಅನ್ನುತ್ತಾರೆ. ಟ್ರ್ಯಾಜಿಡಿಗೆ ನಮ್ಮಲ್ಲಿ ರುದ್ರನಾಟಕ, ದುರಂತ ನಾಟಕ ಅಂತ ಹೆಸರು ಕೂತಿತು. ಇದಕ್ಕೆ ಮಾತ್ರ ನಾಲಿಗೆಯಲ್ಲಿ ನಿಲ್ಲುವ ಹೆಸರು ಬರಲಿಲ್ಲ. ಬೇಡವೂ ಬೇಡ. ನಮ್ಮ ಅಜ್ಜಿ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ "ಅಳುವುದಾ ನಗುವುದಾ" ಸಾಕು.

ಭಾವ ಸುಮ್ನೆ ಬಿಡುವವರಲ್ಲ. ಸಂಸ್ಕೃತ ತೆಗೆದರು. ಹಾಸ್ಯಕ್ಕೂ ಕರುಣಕ್ಕೂ ವಿರೋಧ, ರಸಗಳ ಲಕ್ಷಣ ಹೇಳುವ 'ಸಾಹಿತ್ಯದರ್ಪಣ'ದಲ್ಲೇ ಉಂಟು ಅಂದರು. ಉಂಟು, ಸರಿಯೇ. ಆದರೆ ಲಕ್ಷಣ ಬರೆದವರು ಒಂದು ಕಡೆ, ನಾಟಕ ಬರೆದವರು ಇನ್ನೊಂದು ಕಡೆ. ಶೂದ್ರಕನ 'ಮೃಚ್ಛಕಟಿಕ' ನೋಡಿ. ಒಂಬತ್ತನೇ ಅಂಕದಲ್ಲಿ ನಾಯಕ ಚಾರುದತ್ತನ ಮೇಲೆ ಅವನು ಪ್ರೀತಿಸಿದ ವಸಂತಸೇನೆಯನ್ನೇ ಕೊಂದ ಆರೋಪ, ವಿಚಾರಣೆ ನಡೆಯುತ್ತಿದೆ. ಸಾಕ್ಷಿ ಗಟ್ಟಿ ಇಲ್ಲ. ಅಷ್ಟರಲ್ಲಿ ಗೆಳೆಯ ಮೈತ್ರೇಯ ಓಡಿ ಬರುತ್ತಾನೆ. ಅವನು ವಿದೂಷಕ, ನಗಿಸಲಿಕ್ಕೆ ಇರುವವನು. ಆರೋಪ ಹೊರಿಸಿದ ಶಕಾರನ ಜೊತೆ ಬೈದಾಟ, ಹೊಯ್ಕೈ. ನೋಡುವವರಿಗೆ ಒಳ್ಳೆ ಮಜಾ. ಆ ಎಳೆದಾಟದಲ್ಲಿ ಮೈತ್ರೇಯನ ಹತ್ತಿರ ಇದ್ದ ವಸಂತಸೇನೆಯ ಒಡವೆಗಳು ಎಲ್ಲರೆದುರು ಕೆಳಗೆ ಬೀಳುತ್ತವೆ. ಮುಗಿಯಿತು. ಚಾರುದತ್ತನಿಗೆ ಮರಣದಂಡನೆ. ಯಾವ ಜಗಳಕ್ಕೆ ನಾವು ನಕ್ಕೆವೋ ಅದೇ ಜಗಳ ಅವನನ್ನು ವಧೆಯ ಜಾಗಕ್ಕೆ ಕಳಿಸಿತು. ಹಾಸ್ಯ ಕರುಣಕ್ಕೆ ಶತ್ರುವಾದರೆ ಈ ಅಂಕವನ್ನು ಎಲ್ಲಿಡುತ್ತೀರಿ ಭಾವ?

"ಅವನು ಕೊನೆಗೆ ಸಾಯುವುದಿಲ್ಲವಲ್ಲ" ಅಂದರು ಭಾವ.

ಹೌದು, ಸಾಯುವುದಿಲ್ಲ. ಅದೂ ಲೆಕ್ಕದಲ್ಲೇ ಬರುತ್ತದೆ. ಇಂಗ್ಲೆಂಡಿನಲ್ಲಿ ಜಾನ್ ಫ್ಲೆಚರ್ ಅಂತ ಒಬ್ಬ ನಾಟಕಕಾರ ಇದ್ದ, ಶೇಕ್ಸ್‌ಪಿಯರನ ಕಾಲದವನು. ಅವನ ಕುರುಬರ ನಾಟಕ ಒಂದು ರಂಗದಲ್ಲಿ ಬಿದ್ದುಹೋಯಿತು. ಸುಮಾರು 1609ರಲ್ಲಿ ಅದನ್ನು ಅಚ್ಚು ಹಾಕಿಸಿ, ನಿಮಗೆ ಅರ್ಥ ಆಗಲಿಲ್ಲ ಅನ್ನುವ ಧಾಟಿಯಲ್ಲಿ ಓದುಗರಿಗೆ ಮುನ್ನುಡಿ ಬರೆದ. ನಗುವೂ ಕೊಲೆಯೂ ಬೆರೆತ ಮಾತ್ರಕ್ಕೆ ಟ್ರ್ಯಾಜಿಕಾಮಿಡಿ ಆಗುವುದಿಲ್ಲ. ಅದರಲ್ಲಿ ಸಾವು ಇಲ್ಲ, ಹಾಗಾಗಿ ಟ್ರ್ಯಾಜಿಡಿ ಅಲ್ಲ. ಆದರೆ ಕೆಲವರು ಸಾವಿನ ಹತ್ತಿರ ಹೋಗಿ ಬರುತ್ತಾರೆ, ಹಾಗಾಗಿ ಕಾಮಿಡಿಯೂ ಅಲ್ಲ ಅಂತ ಅದರ ತಾತ್ಪರ್ಯ. ನಾಟಕ ಮರೆತುಹೋಯಿತು, ಸಿಟ್ಟಿನಲ್ಲಿ ಬರೆದ ಮುನ್ನುಡಿ ಉಳಿಯಿತು. ಈ ಅಳತೆಗೆ ನಮ್ಮ ಹರಿಶ್ಚಂದ್ರ ಸರಿಯಾಗಿ ಕೂರುತ್ತದೆ. ಹೆಂಡತಿಯ ಮೇಲೆ ಕತ್ತಿ ಎತ್ತುವಲ್ಲಿಯವರೆಗೆ ಹೋಗಿ ಅಲ್ಲಿಂದ ತಿರುಗುತ್ತದೆ.

"ಲೋಹಿತಾಶ್ವ ಹಾವು ಕಚ್ಚಿ ಸತ್ತನಲ್ಲ?"

"ಬೆಳಗಾಗುವಾಗ ಎದ್ದನಲ್ಲ ಭಾವ!"

ಆದರೆ ಫ್ಲೆಚರನಿಗಿಂತ ನನಗೆ ಹತ್ತಿರದವನು ರೋಮಿನ ಪ್ಲಾಟಸ್. ಸುಮಾರು 2200 ವರ್ಷಗಳ ಹಿಂದಿನವನು. ಟ್ರ್ಯಾಜಿಕಾಮಿಡಿ ಅನ್ನುವ ಮಾತು ಮೊದಲು ಸಿಗುವುದು ಅವನ 'ಆಂಫಿಟ್ರಿಯೋ' ನಾಟಕದಲ್ಲಿ. ಆರಂಭದಲ್ಲಿ ಮರ್ಕ್ಯುರಿ ದೇವರು ರಂಗಕ್ಕೆ ಬಂದು, ಈಗ ಟ್ರ್ಯಾಜಿಡಿ ಅನ್ನುತ್ತಾನೆ. ಜನರ ಮುಖ ನೋಡಿ, ಯಾಕೆ ಹಣೆ ಗಂಟಿಕ್ಕಿದಿರಿ, ನಾನು ದೇವರು, ಬೇಕಾದರೆ ಬದಲಿಸುತ್ತೇನೆ ಅನ್ನುತ್ತಾನೆ. ಪೂರ್ತಿ ಕಾಮಿಡಿ ಮಾಡಲಿಕ್ಕೆ ಆಗದು, ಯಾಕೆಂದರೆ ರಾಜರೂ ದೇವರೂ ಬರುತ್ತಾರೆ. ಆದರೆ ಒಬ್ಬ ಆಳಿನ ಪಾತ್ರವೂ ಉಂಟು. ಆದ್ದರಿಂದ ಎರಡನ್ನೂ ಬೆರೆಸಿ ಟ್ರ್ಯಾಜಿಕಾಮಿಡಿ! ನಮ್ಮ ಹಾಸ್ಯಗಾರ ಸಭೆಯ ಕಡೆ ತಿರುಗಿ ಮಾತಾಡುವ ಹಾಗೆಯೇ ಇದೆ, ಅಲ್ವಾ?

ಆ ಆಳಿನ ಹೆಸರು ಸೋಸಿಯಾ. ರಾತ್ರಿ ದಣಿಗಳ ಮನೆಗೆ ಬರುತ್ತಾನೆ. ಬಾಗಿಲಲ್ಲಿ ಮರ್ಕ್ಯುರಿ ಇವನದ್ದೇ ರೂಪ ಹಾಕಿಕೊಂಡು ನಿಂತಿದ್ದಾನೆ. ಸೋಸಿಯಾ ನಾನು, ನೀನು ಯಾರು ಅಂತ ಕೇಳಿ ಹೊಡೆಯುತ್ತಾನೆ. ಪೆಟ್ಟು ತಿಂದು ತಿಂದು ಕೊನೆಗೆ ಆ ಬಡಪಾಯಿಗೇ ಸಂಶಯ. ನಾನು ಸೋಸಿಯಾ ಅಲ್ಲದಿದ್ದರೆ ಮತ್ತೆ ಯಾರು? ರೋಮಿನವರು ಬಿದ್ದು ಬಿದ್ದು ನಕ್ಕಿರಬೇಕು. ನಾನೂ ನಕ್ಕೆ. ಆಮೇಲೆ ನಗು ಸ್ವಲ್ಪ ಗಂಟಲಲ್ಲಿ ಸಿಕ್ಕಿತು. ಕಾಸರಗೋಡಿನವನಿಗೆ ಈ ಕಥೆ ಎಲ್ಲೋ ಕೇಳಿದ್ದು ಅನಿಸುವುದಿಲ್ಲವಾ? ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಬೋರ್ಡಿನಲ್ಲಿ ಮಲಯಾಳದ ಕುಂಬಳ. ಗೋವಿಂದ ಪೈಗಳ ಮಂಜೇಶ್ವರಕ್ಕೆ ಒಂದು ಅನುಸ್ವಾರ ಹೆಚ್ಚು. ನಮ್ಮ ಬಾಗಿಲಲ್ಲೇ ನಿಂತು ನಮ್ಮ ಹೆಸರು ಹೇಳಿದರೆ, ಹಾಗಲ್ಲ ಹೀಗೆ ಅಂತ ತಿದ್ದುತ್ತಾರೆ.

ನವೆಂಬರ್ 1 ಬಂತೆಂದರೆ ಇನ್ನೊಂದು ತಮಾಷೆ. 1956ರ ಅದೇ ದಿನ ದಕ್ಷಿಣ ಕನ್ನಡ ಮೈಸೂರಿಗೆ ಹೋಯಿತು, ಕಾಸರಗೋಡು ಕೇರಳಕ್ಕೆ. ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರಿಗೆ ಸೇರಲಿ ಅಂತ 1967ರಲ್ಲಿ ಮಹಾಜನ ವರದಿ ಬಂತು, ಹಾಗೇ ಉಳಿಯಿತು. ಈಗ ಆ ದಿನ ಬೆಳಗ್ಗೆ ಬೆಂಗಳೂರಿನ ನೆಂಟರು ಫೋನಿಗೆ ಹಳದಿ ಕೆಂಪು ಬಾವುಟ ಕಳಿಸಿ ರಾಜ್ಯೋತ್ಸವದ ಶುಭಾಶಯ ಹೇಳುತ್ತಾರೆ. ಅದೇ ಹೊತ್ತಿಗೆ ಮನೆಯ ಹುಡುಗಿ ಕೇರಳ ಹುಟ್ಟಿದ ದಿನ ಕೇರಳಪ್ಪಿರವಿಗೆ ಅಂತ ಕಸವು ಸೀರೆ ಉಟ್ಟು ಶಾಲೆಗೆ ಹೊರಟಿರುತ್ತಾಳೆ. ಚಂದ ಕಾಣುತ್ತಾಳೆ. ಅದೇ ಹುಡುಗಿಯ ಕನ್ನಡ ಮೀಡಿಯಂ ಕ್ಲಾಸಿಗೆ ಒಂದು ವರ್ಷ ಕನ್ನಡ ಬಾರದ ಟೀಚರು ಬಂದಿದ್ದರು. ಪಾಪ, ಒಳ್ಳೆಯ ಹೆಂಗಸು. ಪುಸ್ತಕದ ಚಿತ್ರ ತೋರಿಸಿ ಇದು ಎಂತ ಅಂತ ಕೇಳುತ್ತಿದ್ದರಂತೆ, ಮಕ್ಕಳು ಹೇಳಿಕೊಡುತ್ತಿದ್ದರಂತೆ. ಮಾರ್ಚ್ ಆಗುವಾಗ ಟೀಚರಿಗೆ ಕನ್ನಡ ಓದಲಿಕ್ಕೆ ಬಂತು. ಮಕ್ಕಳ ಪಾಠ ಹಾಗೇ ಉಳಿಯಿತು. ಇದನ್ನು ಮದುವೆ ಮನೆಯಲ್ಲಿ ಹೇಳಿದರೆ ಪಂಕ್ತಿ ಪೂರಾ ನಗುತ್ತದೆ. ಹೇಳಿದವನೂ ನಗುತ್ತಾನೆ. ಹುಡುಗಿಯ ಅಪ್ಪ ಮಾತ್ರ ಎಲೆ ನೋಡುತ್ತಾ ಸಾರು ಕಲಸುತ್ತಾನೆ.

ಹಾಸ್ಯ ಇರುವುದು ದುಃಖದ ನಡುವೆ ಸ್ವಲ್ಪ ಹಗುರ ಆಗಲಿಕ್ಕೆ ಅನ್ನುವವರು ಜಾಸ್ತಿ. ನನಗೆ ಆ ಮಾತು ಹಿಡಿಸುವುದಿಲ್ಲ. ಆ ಮುಳ್ಳಿನಿಂದ ಯಾರಿಗೂ ಹಗುರ ಆಗಲಿಲ್ಲ. ಕೆಟ್ಟ ಹಾಸ್ಯ ಹೊರಗಿನಿಂದ ಬರುತ್ತದೆ, ಫೋನಿನಿಂದ, ಪೇಪರಿನಿಂದ. ಒಳ್ಳೆಯದು ಪ್ರಸಂಗದ ಒಳಗೇ ಬಿದ್ದಿರುತ್ತದೆ, ಹಾಸ್ಯಗಾರ ಹೆಕ್ಕಬೇಕು ಅಷ್ಟೇ. ಅದಕ್ಕೆ ಇಡೀ ಪ್ರಸಂಗ ಗೊತ್ತಿರಬೇಕು, ಎದುರಿನ ವೇಷಧಾರಿಯ ಮಾತಿಗೆ ಕಿವಿ ಕೊಡಬೇಕು. ಹಾಸ್ಯಗಾರ ಪೆರುವಡಿ ನಾರಾಯಣ ಭಟ್ಟರ ಪಾಪಣ್ಣನ ವೇಷವನ್ನು ಹಿರಿಯರು ಇಂದಿಗೂ ನೆನೆಸುವುದು ಸುಮ್ನೆ ಅಲ್ಲ. ನಳನ ಕಥೆಯ ಬಾಹುಕನಂತೂ ಇನ್ನೂ ಕಷ್ಟ. ಕಾರ್ಕೋಟಕ ಸರ್ಪ ಕಚ್ಚಿ ನಳನ ರೂಪ ಕೆಟ್ಟ ಮೇಲೆ ರಾಜವೇಷ ಒಳಗೆ ಹೋಗಿ ಹಾಸ್ಯಗಾರ ಬರುತ್ತಾನೆ. ಗೂನು ನೋಡಿ ನಗುತ್ತೇವೆ, ಒಳಗಿರುವವನು ನಳ ಅಂತಲೂ ಗೊತ್ತಿರುತ್ತದೆ.

ಆಟಕ್ಕೆ ಕಾಲಮಿತಿ ಬಂದ ಮೇಲೆ ಇದಕ್ಕೆ ಜಾಗ ಕಡಿಮೆ ಆಗಿದೆ ಅಂತ ನನ್ನ ದೂರು. ಮೂರು ಗಂಟೆಯಲ್ಲಿ ಮುಗಿಸಬೇಕಾದರೆ ಕತ್ತರಿ ಬೀಳುವುದು ಎಲ್ಲಿ? ನಿಧಾನದ ಪದಗಳಿಗೆ, ಮಾತಿಲ್ಲದೆ ನಿಲ್ಲುವ ಜಾಗಗಳಿಗೆ. ಚಪ್ಪಾಳೆ ಬೀಳುವ ಜೋಕು ಉಳಿಯುತ್ತದೆ. ಕೆಲಸಕ್ಕೆ ಹೋಗುವವರ ಕಷ್ಟ ಗೊತ್ತುಂಟು, ನಾನೂ ಅವರಲ್ಲಿ ಒಬ್ಬ. ಆದರೂ ಹೇಳಬೇಕು ಅನಿಸಿತು.

ರಷ್ಯಾದ ಚೆಕಾಫ್ 'ಚೆರಿ ತೋಟ' ಬರೆದು ಇದು ಕಾಮಿಡಿ ಅಂದ. 1904ರಲ್ಲಿ ಅದನ್ನು ಆಡಿಸಿದ ಸ್ತಾನಿಸ್ಲಾವ್‌ಸ್ಕಿ, ಅಲ್ಲ, ಟ್ರ್ಯಾಜಿಡಿ ಅಂದ. ಕೊನೆಯಲ್ಲಿ ತೋಟದ ಮರಗಳಿಗೆ ಕೊಡಲಿ ಬೀಳುವ ಸದ್ದು ಕೇಳುತ್ತದೆ. ಇಬ್ಬರೂ ನಮ್ಮ ಮನೆಗೆ ಬರಬೇಕಿತ್ತು, ಅಜ್ಜ ತೀರಿದ ದಿನ.

ನಮ್ಮಲ್ಲಿ ಚಿತೆಗೆ ಮಾವಿನ ಮರ ಕಡಿಯುವ ಕ್ರಮ. ಅಜ್ಜನನ್ನು ಚಾವಡಿಯಲ್ಲಿ ಮಲಗಿಸಿದ್ದರು. ಅಜ್ಜಿ ತಲೆಯ ಹತ್ತಿರ ಕೂತು ಅಳುತ್ತಿದ್ದರು. ಅಂಗಳದಲ್ಲಿ ನೆರೆಯವರು ಮೆಲ್ಲ ದನಿಯಲ್ಲಿ ಯಾವ ಮರ ಅಂತ ಮಾತಾಡುತ್ತಿದ್ದರು. ಬಾವಿಯ ಹತ್ತಿರದ್ದು ಆಗಬಹುದು, ಸಾಗಿಸಲಿಕ್ಕೂ ಸುಲಭ ಅಂತ ಒಬ್ಬರು ಹೇಳಿದರು. ಒಳಗೆ ಅಳು ಟಕ್ಕನೆ ನಿಂತಿತು. "ಅದು ಬೇಡ! ಅದು ಮಿಡಿಯ ಮರ. ಸೊನೆ ನೋಡಿದ್ದೀರಾ ಅದರದ್ದು? ಎರಡು ವರ್ಷ ಇಟ್ಟರೂ ಉಪ್ಪಿನಕಾಯಿ ಮೆತ್ತಗಾಗುವುದಿಲ್ಲ. ಗುಡ್ಡೆಯ ಬದಿಯದ್ದು ಕಡಿಯಿರಿ." ಇಷ್ಟು ಹೇಳಿ, ಸೆರಗು ಕಣ್ಣಿಗೆ ಒತ್ತಿ, ಬಿಟ್ಟಲ್ಲಿಂದ ಮತ್ತೆ ಅಳಲಿಕ್ಕೆ ಶುರು ಮಾಡಿದರು.

ಮೊದಲು ನಕ್ಕದ್ದು ಭಾವ. ಬಾಯಿಗೆ ಬೈರಾಸು ಅಡ್ಡ ಹಿಡಿದರು. ಆಮೇಲೆ ದೊಡ್ಡಪ್ಪ. ಆಮೇಲೆ ನಾವೆಲ್ಲ. ದೊಡ್ಡಪ್ಪನ ಹೆಗಲು ಕುಲುಕುತ್ತಲೇ ಇತ್ತು, ಯಾವಾಗ ನಗು ಹೋಗಿ ಅಳು ಬಂತು ಅಂತ ನಮಗೆ ಗೊತ್ತಾಗಲಿಲ್ಲ. ಆ ಉಪ್ಪಿನಕಾಯಿ ಇಷ್ಟ ಇದ್ದದ್ದು ಅಜ್ಜನಿಗೆ. ಅಜ್ಜಿಗೆ ಬಿಪಿ, ಅವರು ಮುಟ್ಟುತ್ತಿರಲಿಲ್ಲ.

ಎಂಟು ವರ್ಷ ಕಳೆದು ಅಜ್ಜಿ ಹೋದರು. ಆಗಲೂ ಬಾವಿಯ ಹತ್ತಿರದ ಮರದ ಮಾತು ಯಾರೂ ಎತ್ತಲಿಲ್ಲ.

ಹೋಟೆಲಿನಲ್ಲಿ ಇದನ್ನು ನೆನಪು ಮಾಡಿದೆ. ಭಾವ ಚಾ ಗ್ಲಾಸಿನ ಅಡಿ ನೋಡುತ್ತಾ, "ಅವತ್ತು ಮೊದಲು ನಕ್ಕದ್ದು ನಾನಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ಆ ಮರ ಈ ವರ್ಷ ಬಿಟ್ಟಿದೆಯಾ?"

"ಬಿಟ್ಟಿದೆ. ಮಿಡಿ ಹಾಕಿ ಆಗಿದೆ."

"ಹಾಗಾದರೆ ಒಂದು ಭರಣಿ ನನಗೆ ತೆಗೆದಿಡು," ಅಂತ ಎದ್ದರು. "ನಕ್ಷತ್ರಿಕನ ಕೂಲಿ ಅಂತ ಬರೆದುಕೋ."

ಚಾದ ದುಡ್ಡು ನಾನೇ ಕೊಟ್ಟೆ.