ಚಳಿ ತಾಳುವ ಗಿಡಕ್ಕೆ ನಮ್ಮ ಬಿಸಿಲು ಬೇರೆ

ಹಸಿಯಾಗಿ ತಿನ್ನುವ ಸಲಾಡ್ ಬರ್ನೆಟ್ ಎಂಬ ಸೊಪ್ಪಿನ ಕುರಿತ ಲೇಖನವೊಂದನ್ನು ಓದಿದೆ. ಅದು ಗಟ್ಟಿ ಗಿಡವಾದ್ದರಿಂದ ಕಲಬುರಗಿಯಲ್ಲೂ ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಆರೈಕೆಯಿಲ್ಲದೆ ಬೆಳೆಯುತ್ತದೆ ಎಂಬ ಅದರ ಲೇಖಕರ ಮಾತನ್ನು ಒಪ್ಪಲಾಗದು. ಯುರೋಪಿನ ಸುಣ್ಣದ ನೆಲದ ಹುಲ್ಲುಗಾವಲುಗಳಿಗೆ ಸೇರಿದ ಈ ಸೊಪ್ಪು ಹಿಮವನ್ನೂ, ಆಳಕ್ಕಿಳಿಯುವ ಬೇರಿನ ಬಲದಿಂದ ತಕ್ಕಮಟ್ಟಿಗೆ ನೀರಿನ ಕೊರತೆಯನ್ನೂ ತಾಳಿಕೊಳ್ಳುತ್ತದೆ, ನಿಜ. ಆದರೆ ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಬಿಸಿಲಿಗೆ, ಅದೂ ಫರಸಿ ಹಾಸಿದ ಮಾಳಿಗೆಯ ಮೇಲಿನ ಕುಂಡದಲ್ಲಿ, ಅದರ ಎಲೆಗಳು ಅಂಚಿನಿಂದ ಕಂದಾಗುತ್ತಾ ಬುಡದವರೆಗೆ ಒಣಗುವುದನ್ನು ನಾನು ಕಂಡಿದ್ದೇನೆ. ಮಣ್ಣಿನ ವಿಷಯದಲ್ಲಿ ಮಾತ್ರ ನಮ್ಮ ಜಿಲ್ಲೆ ಅದಕ್ಕೆ ಒಗ್ಗುತ್ತದೆ. ಶಹಾಬಾದ್, ಸೇಡಂ, ಚಿತ್ತಾಪುರ ಕಡೆಯ ಸುಣ್ಣಕಲ್ಲಿನ ನೆಲ ಅದಕ್ಕೆ ಹಿತವೇ, ಆದರೆ ಮಳೆಗಾಲದಲ್ಲಿ ನೀರು ಹಿಡಿದಿಡುವ ಎರೆಮಣ್ಣಿಗೆ ಮರಳು, ಕಲ್ಲಿನ ಚೂರು ಬೆರೆಸದಿದ್ದರೆ ಬೇರು ಕೊಳೆಯುತ್ತದೆ. ದೀಪಾವಳಿಯ ಆಸುಪಾಸಿನಲ್ಲಿ ಬಿತ್ತಿ, ಹೂದಂಟು ಮೂಡಿದ ಕೂಡಲೇ ಚಿವುಟಿ, ಹೋಳಿಯ ನಂತರ ಕುಂಡವನ್ನು ಬೇವಿನ ನೆರಳಿಗೆ ಸರಿಸುವುದು ಸೂಕ್ತ.

ಈ ಸೊಪ್ಪನ್ನು ಒಗ್ಗರಣೆಗೆ ಹಾಕಬಹುದೆಂಬ ಲೇಖಕರ ಸಲಹೆಯೂ ಸರಿಯಲ್ಲ. ಸವತೆಕಾಯಿಯನ್ನು ನೆನಪಿಸುವ ಅದರ ಪರಿಮಳ ಬೆಂಕಿ ತಾಗಿದರೆ ಹಾರಿಹೋಗುತ್ತದೆ. ಗರಗಸದಂಚಿನ ಎಳೆಯ ಎಲೆಗಳನ್ನಷ್ಟೇ ದಂಟಿನಿಂದ ಬಿಡಿಸಿ (ಬಲಿತವು ಕಹಿ) ಊಟಕ್ಕೆ ಕೂಡುವ ಹೊತ್ತಿಗೆ ಮೊಸರುಬಜ್ಜಿಗೆ ಬೆರೆಸಬೇಕು. ಅಷ್ಟಕ್ಕೂ ಜೋಳದ ರೊಟ್ಟಿಯೊಂದಿಗೆ ಹಸಿಯಾಗಿ ತಿನ್ನಲು ಹಕ್ಕರಕಿ, ಎಳೆ ಮೆಂತ್ಯ ಚಳಿಗಾಲದ ಸಂತೆಯಲ್ಲೇ ದೊರೆಯುತ್ತವೆ. ಬೇಸಿಗೆಯಲ್ಲೂ ಹಸಿರು ಸೊಪ್ಪು ಬೇಕೆನ್ನುವವರು ನೀರಿನ ತೊಟ್ಟಿಯ ಪಕ್ಕದ ನೆರಳಲ್ಲಿ ಪುದೀನ ನಾಟಿದರೆ, ಅಷ್ಟು ದೂರದ ಬೀಜಕ್ಕಾಗಿ ಹಣ ಸುರಿಯಬೇಕಾಗಿಲ್ಲ.