ನಾಲ್ಕು ಕಣ್ಣಿನ ಹಳೆಯ ಬೆಂಜ್: ಕೊಳ್ಳಬಹುದೇ, ಬಿಡುವುದೇ ಲೇಸೇ?

ಒಂದು ಕಾಲಕ್ಕೆ ಕಂಪನಿಗಳ ಮುಖ್ಯಸ್ಥರು ಹಿಂದಿನ ಸೀಟಿನಲ್ಲಿ ಕುಳಿತು ಓಡಾಡುತ್ತಿದ್ದ ದೊಡ್ಡ ಸೆಡಾನ್‌ಗಳಲ್ಲಿ ಕೆಲವು ಇಂದು ಹೊಸ ಸಣ್ಣ ಕಾರಿಗಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಅವುಗಳಲ್ಲೂ ಹುಟ್ಟಿದಾಗಲೇ ರೂಪದ ಕಾರಣಕ್ಕೆ ಟೀಕೆಗೆ ಗುರಿಯಾದವನ್ನು ಕೇಳುವವರು ಕಡಿಮೆ. ಮರ್ಸಿಡಿಸ್-ಬೆಂಜ್ 1995ರಲ್ಲಿ ಹೊರತಂದ, ಡಬ್ಲ್ಯು210 ಎಂಬ ಸಂಕೇತದ ಇ-ಕ್ಲಾಸ್ ಅಂಥದ್ದೊಂದು ಕಾರು. ಅದನ್ನು ಈಗ ಕೊಳ್ಳುವುದು ವಿವೇಕವೇ ಎಂಬ ಪ್ರಶ್ನೆಗೆ ಇಬ್ಬರ ಉತ್ತರಗಳು ಇಲ್ಲಿವೆ.

ಪರ: ಮುಖ ಹಿಡಿಸದ್ದಕ್ಕೆ ಯಂತ್ರವನ್ನು ದೂರುವುದೇಕೆ?

1993ರ ಜಿನೀವಾ ಪ್ರದರ್ಶನದಲ್ಲಿ ಮರ್ಸಿಡಿಸ್ ತಂದು ನಿಲ್ಲಿಸಿದ, ಎರಡು ಬಾಗಿಲಿನ ಕೂಪೆ ಮಾದರಿಯ ಮುಖದಲ್ಲಿ ಬೇರೆಬೇರೆಯಾಗಿ ಕೂರಿಸಿದ ನಾಲ್ಕು ದುಂಡು ದೀಪಗಳಿದ್ದವು. ಎರಡು ವರ್ಷಗಳ ಬಳಿಕ ಅದೇ ಮುಖ ಇ-ಕ್ಲಾಸಿಗೆ ಬಂದಾಗ, ಅದಕ್ಕೂ ಹಿಂದಿನ ಡಬ್ಲ್ಯು124ರ ನೇರ ಗೆರೆಗಳಿಗೆ ಒಗ್ಗಿಹೋಗಿದ್ದವರು ಮೂಗು ಮುರಿದರು. ನಮ್ಮ ದೇಶದಲ್ಲಿ ಈ ಹೋಲಿಕೆ ಇನ್ನಷ್ಟು ಬಿಗಿಯಾಗಿತ್ತು. ಪುಣೆಯಲ್ಲಿ 1995ರಲ್ಲಿ ಜೋಡಣೆಯಾಗತೊಡಗಿದ ಮೊದಲ ಬೆಂಜ್ ಡಬ್ಲ್ಯು124 ಆಗಿದ್ದರಿಂದ, ಬೆಂಜ್ ಎಂದರೆ ಆ ಚೌಕ ಮುಖವೇ ಎಂದು ನಾವು ನಿಶ್ಚಯಿಸಿಕೊಂಡಿದ್ದೆವು. ಅದರ ಬೆನ್ನಿಗೇ ದುಂಡು ಕಣ್ಣಿನ ತಮ್ಮ ಬಂದಾಗ, ಇದು ಯಾವ ಮನೆಯ ಕೂಸು ಎಂದು ಕೇಳಿದವರೇ ಹೆಚ್ಚು.

ಆ ಪ್ರಶ್ನೆಯನ್ನು ಬಾನೆಟ್ ತೆರೆದು ನೋಡಿ ಕೇಳಿದವರು ಕಡಿಮೆ. ಆ ದುಂಡುತನಕ್ಕೆ ಗಾಳಿಯೂ ಒಂದು ಕಾರಣವಾಗಿತ್ತು. ಅಷ್ಟು ದೊಡ್ಡ ಸೆಡಾನ್ ಆಗಿದ್ದೂ ಅದರ ಗಾಳಿಯ ತಡೆಯ ಗುಣಾಂಕ (ಇದು ಕಡಿಮೆಯಾದಷ್ಟೂ ಕಾರು ಗಾಳಿಯನ್ನು ಸಲೀಸಾಗಿ ಸೀಳುತ್ತದೆ) 0.27ಕ್ಕೆ ಇಳಿದಿತ್ತು. ಡಬ್ಲ್ಯು124ರಲ್ಲಿ ಇನ್ನೂ ಹಳೆಯ ಬಗೆಯ ಸ್ಟಿಯರಿಂಗ್ ಪೆಟ್ಟಿಗೆ ಇತ್ತು, ಡಬ್ಲ್ಯು210ಕ್ಕೆ ಹಲ್ಲುಪಟ್ಟಿಯ ಮೂಲಕ ಚಕ್ರಗಳನ್ನು ತಿರುಗಿಸುವ ರ‍್ಯಾಕ್ ಅಂಡ್ ಪಿನಿಯನ್ ಸ್ಟಿಯರಿಂಗ್ ಬಂದಿತು. ಮುಂದಿನ ಸಸ್ಪೆನ್ಷನ್ ಕೂಡ ಹೊಸದು. ಐದು ಸಿಲಿಂಡರಿನ ಎರಡೂವರೆ ಲೀಟರ್ ಡೀಸೆಲ್ ಎಂಜಿನ್ ಕೊಡುತ್ತಿದ್ದುದು 113 ಅಶ್ವಶಕ್ತಿ ಮಾತ್ರ, ಆದರೆ ಎಣ್ಣೆ ಬದಲಿಸುವುದನ್ನು ಮರೆಯದವರಿಗೆ ಅದು ಲಕ್ಷಾಂತರ ಕಿಲೋಮೀಟರು ದುಡಿದುಕೊಟ್ಟಿದೆ. ಒಟ್ಟು 16 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು ಎಂಬುದನ್ನು ನೆನೆದರೆ, ಹೊಸದಾಗಿದ್ದಾಗ ಇದನ್ನು ಯಾರೂ ಒಲ್ಲೆನೆಂದಿರಲಿಲ್ಲ ಎಂದು ತಿಳಿಯುತ್ತದೆ. ಬೇಡವಾದದ್ದು ವಯಸ್ಸಾದ ಮೇಲೆ.

ಇಂಥದ್ದೊಂದು ಕಾರು ನನ್ನ ಬಳಿ ಇದೆ. ಕಳೆದ ಮಳೆಗಾಲದ ಒಂದು ಸಂಜೆ, ಬಿಡದಿ ದಾಟುತ್ತಿದ್ದಂತೆ ಮುಂದಿನ ಲಾರಿಯ ಕೆಂಪು ದೀಪವೂ ಕಾಣದಂತೆ ಮಳೆ ಸುರಿಯತೊಡಗಿತು. ಈ ಕಾರಿಗೆ ಇರುವುದು ಒಂದೇ ವೈಪರ್. ಗಾಜಿನ ನಡುವಿನಿಂದ ಮೇಲೇಳುವ ಆ ಕೈ ಮೂಲೆಯತ್ತ ಹೋಗುವಾಗ ಉದ್ದಕ್ಕೆ ಚಾಚುತ್ತದೆ, ನಡುವಿಗೆ ಬಂದಾಗ ಮತ್ತೆ ಒಳಗೆ ಸೇರುತ್ತದೆ. ಎರಡು ವೈಪರ್‌ಗಳು ಬಿಟ್ಟುಬಿಡಬಹುದಾದ ಮೇಲಿನ ಮೂಲೆಗಳನ್ನು ಈ ಒಂದೇ ಕೈ ಒರೆಸಿಕೊಡುವುದನ್ನು ನೋಡುತ್ತ ನಾನು ರಾಮನಗರ ಮುಟ್ಟಿದೆ. ಒಂದು ವೈಪರಿಗೆ ಇಷ್ಟು ಹಲ್ಲುಚಕ್ರಗಳನ್ನು ಕೂಡಿಸಿ ಕೊಟ್ಟವರು ಎಷ್ಟು ಶ್ರದ್ಧೆಯಿಂದ ಕೆಲಸ ಮಾಡಿರಬೇಕು ಎಂದು ನನಗೆ ಇಂದಿಗೂ ಅನಿಸುತ್ತದೆ. ಆ ಶ್ರದ್ಧೆ ನನಗೆ ಇಷ್ಟು ಅಗ್ಗಕ್ಕೆ ದಕ್ಕಿದ್ದು ಆ ನಾಲ್ಕು ದೀಪಗಳ ದೆಸೆಯಿಂದ.

ರೂಪದ ಬಗೆಗಿನ ತೀರ್ಪು ಎಷ್ಟು ಬೇಗ ಬದಲಾಗುತ್ತದೆ ಎಂಬುದಕ್ಕೆ 2001ರ ಬಿಎಂಡಬ್ಲ್ಯು 7 ಸೀರೀಸ್ ಸಾಕ್ಷಿ. ಕಂಪನಿಯ ವಿನ್ಯಾಸ ಮುಖ್ಯಸ್ಥ ಕ್ರಿಸ್ ಬ್ಯಾಂಗಲ್ ಅವರ ಮುಂದಾಳತ್ವದಲ್ಲಿ ಮೂಡಿದ ಆ ಕಾರಿನ ಎತ್ತರದ ಡಿಕ್ಕಿ ಮುಚ್ಚಳವನ್ನು ಕಂಡು ಸಿಟ್ಟಾದ ಅಭಿಮಾನಿಗಳು ಅವರನ್ನು ತೆಗೆದುಹಾಕಬೇಕೆಂದು ಸಹಿ ಸಂಗ್ರಹಿಸಿದ್ದರು. ಕೆಲವೇ ವರ್ಷಗಳಲ್ಲಿ ಅಂಥದೇ ಎತ್ತರದ ಡಿಕ್ಕಿಗಳು ಬೇರೆ ಕಂಪನಿಗಳ ಕಾರುಗಳಲ್ಲೂ ಕಾಣಿಸಿಕೊಂಡವು, ಆ 7 ಸೀರೀಸ್ ಒಳಗಿದ್ದ, ಪರದೆಯ ಮೇಲಿನ ಆಯ್ಕೆಗಳನ್ನು ಒಂದೇ ಗುಬುಟಿನಿಂದ ನಡೆಸುವ ಐಡ್ರೈವ್ ವ್ಯವಸ್ಥೆಯ ಜಾಡಿನಲ್ಲಿ ಇತರರೂ ನಡೆದರು. ಹೀಗಿರುವಾಗ ಅಂದಿನವರ ಅಸಮಾಧಾನ ಇಳಿಸಿಟ್ಟ ಬೆಲೆಯ ಲಾಭವನ್ನು ಇಂದಿನವರು ಪಡೆದರೆ ತಪ್ಪೇನು? ಕಬ್ಬಿಣ, ಗಾಜು, ತೊಗಲು ಎಲ್ಲವನ್ನೂ ಖರ್ಚು ಮಾಡಿ ಆಗಲೇ ತಯಾರಾಗಿರುವ ಕಾರನ್ನು ಇನ್ನು ಹತ್ತು ವರ್ಷ ಓಡಿಸುವುದು ಮಿತವ್ಯಯವೂ ಹೌದು.

ಖರ್ಚು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಹೊಸ ಕಾರು ಷೋರೂಮಿನ ಬಾಗಿಲು ದಾಟಿದ ದಿನವೇ ಕಳೆದುಕೊಳ್ಳುವ ಬೆಲೆಯೂ ಖರ್ಚೇ ಅಲ್ಲವೇ? ಅದನ್ನು ನನ್ನ ಕಾರಿನ ಮೊದಲ ಮಾಲೀಕರು ಎಂದೋ ಭರಿಸಿದ್ದಾರೆ.

ವಿರೋಧ: ಇಳಿದಿರುವುದು ಕಾರಿನ ಬೆಲೆ, ಬಿಡಿಭಾಗದ್ದಲ್ಲ

ಪರವಾಗಿ ಬರೆದವರು ಆ ವೈಪರಿನ ಬಗ್ಗೆ ಹೇಳಿದ್ದನ್ನು ನಾನೂ ಒಪ್ಪುತ್ತೇನೆ, ಅದು ಸುಂದರವಾದ ಕೆಲಸ. ಅದರ ಹಲ್ಲುಚಕ್ರಗಳ ಪೆಟ್ಟಿಗೆ ಒಣಗಿ ಸಿಕ್ಕಿಕೊಂಡ ದಿನ ಬೆಂಗಳೂರಿನ ಜೆ.ಸಿ. ರಸ್ತೆಯ ಎಷ್ಟು ಅಂಗಡಿಗಳನ್ನು ಹತ್ತಿಳಿಯಬೇಕಾಗುತ್ತದೆ ಎಂಬುದನ್ನು ಅವರು ಹೇಳಲಿಲ್ಲ. ಕಾರಿನ ಬೆಲೆ ಇಳಿದಾಗ ಅದರ ಬಿಡಿಭಾಗಗಳ ಬೆಲೆ ಜೊತೆಗೇ ಇಳಿಯುವುದಿಲ್ಲ. ನಾವು ಕೊಡುವುದು ಹಳೆಯ ಸಣ್ಣ ಕಾರಿನ ಹಣವಾದರೂ, ಸಾಕಬೇಕಾದದ್ದು ದೊಡ್ಡ ಬೆಂಜನ್ನೇ.

ಡಬ್ಲ್ಯು210ರ ದೊಡ್ಡ ಶತ್ರು ತುಕ್ಕು, ಅದು ಎಲ್ಲರಿಗೂ ತಿಳಿದ ಮಾತು. ಬಾಗಿಲಿನ ಅಂಚಿನಲ್ಲಿ, ಡಿಕ್ಕಿಯ ಬೀಗದ ಸುತ್ತ ಏಳುವ ಗುಳ್ಳೆಗಳನ್ನು ಟಿಂಕರಿಂಗ್ ಮಾಡಿಸಿ ಮರೆಸಬಹುದು. ಮರೆಸಲಾಗದ ತುಕ್ಕು ಒಳಗಿರುತ್ತದೆ. ಮುಂಚಕ್ರದ ಸ್ಪ್ರಿಂಗಿನ ತಲೆಯನ್ನು ಹಿಡಿದು ನಿಲ್ಲಿಸುವ ಉಕ್ಕಿನ ಬಟ್ಟಲೊಂದನ್ನು ಕಾರಿನ ಒಡಲಿಗೆ ಚುಕ್ಕಿ ಚುಕ್ಕಿಯಾಗಿ ಬೆಸೆದು ಮೇಲೆ ಸೀಲೆಂಟ್ ಬಳಿದಿರುತ್ತಾರೆ. ವರ್ಷಗಳು ಕಳೆದಂತೆ ಆ ಸೀಲೆಂಟ್ ಬಿರಿದು ನೀರು ಅದರ ಅಡಿಗೆ ಸೇರುತ್ತದೆ. ಹೊರಗಿನಿಂದ ನೋಡಿದವರಿಗೆ ಕಪ್ಪು ಲೇಪ ಹಾಗೆಯೇ ನಯವಾಗಿ ಕಾಣುತ್ತಿರುತ್ತದೆ, ಒಳಗೆ ಬೆಸುಗೆ ಪುಡಿಯಾಗುತ್ತಿರುತ್ತದೆ. ಬಟ್ಟಲು ಕಿತ್ತು ಬಂದರೆ ಕಾರಿನ ಮೂತಿ ಒಂದು ಕಡೆಗೆ ಕುಸಿಯುತ್ತದೆ, ಅದು ನಿಂತಾಗಲೇ ಆಗಬೇಕೆಂದೇನಿಲ್ಲ. ಸಮುದ್ರದ ಗಾಳಿಯಲ್ಲಿ ಹತ್ತು ಮಳೆಗಾಲ ಕಳೆದು ಮಂಗಳೂರಿನಿಂದಲೋ ಉಡುಪಿಯಿಂದಲೋ ಬೆಂಗಳೂರಿಗೆ ಬಂದ ಕಾರಾದರೆ ಈ ಅನುಮಾನ ಇಮ್ಮಡಿಯಾಗಬೇಕು.

ಐದು ಗೇರಿನ ಆಟೋಮ್ಯಾಟಿಕ್ ಪೆಟ್ಟಿಗೆಯದು ಇನ್ನೊಂದು ಕಥೆ. ಅದರ ಎಣ್ಣೆಯನ್ನು ಆಯುಷ್ಯವಿಡೀ ಬದಲಿಸಬೇಕಿಲ್ಲ ಎಂದು ಮೊದಲು ಹೇಳಲಾಗಿತ್ತು, ಆಮೇಲೆ ಆ ಮಾತು ಬದಲಾಯಿತು. ಮೊದಲ ಮಾತನ್ನು ನಂಬಿದವರ ಕಾರುಗಳೂ ಈಗ ಮಾರಾಟಕ್ಕಿವೆ. ಆ ಪೆಟ್ಟಿಗೆಗೆ ವೈರು ಸೇರುವ ಜಾಗದ ಪ್ಲಗ್ಗಿನಲ್ಲಿ ಪುಟ್ಟ ರಬ್ಬರ್ ಬಳೆಗಳಿವೆ. ಅವು ಗಟ್ಟಿಯಾಗಿ ಸೋರತೊಡಗಿದರೆ ಎಣ್ಣೆ ವೈರಿನ ಒಳಗೇ ಏರಿ ಗೇರನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯವರೆಗೂ ತಲುಪಬಲ್ಲದು. ಸಕಾಲದಲ್ಲಿ ಗುರುತಿಸುವ ಮೇಸ್ತ್ರಿ ಇದ್ದರೆ ಅದು ಸಣ್ಣ ರಿಪೇರಿ. ಅಂಥ ಮೇಸ್ತ್ರಿಗಳು ಪ್ರತಿ ವರ್ಷವೂ ಕಡಿಮೆಯಾಗುತ್ತಿದ್ದಾರೆ.

ಸರ್ಕಾರದ ಲೆಕ್ಕವೂ ಇದೆ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು, 20 ವರ್ಷ ದಾಟಿದವುಗಳಿಗೆ 2025ರಲ್ಲಿ ಅದು 10,000ಕ್ಕೆ ಏರಿತು. ಕರ್ನಾಟಕದಲ್ಲಿ ಹಸಿರು ತೆರಿಗೆ ಬೇರೆ. ಪೆಟ್ರೋಲ್ ಕಾರಾದರೆ, ಶೇ. 20 ಎಥನಾಲ್ ಬೆರೆತ ಇಂಧನಕ್ಕೆಂದು ತಯಾರಾಗದ ರಬ್ಬರ್ ಕೊಳವೆಗಳ ಮೇಲೂ ಕಣ್ಣಿಡಬೇಕು.

ಇವೆಲ್ಲ ಎಲ್ಲ ಹಳೆಯ ಬೆಂಜ್‌ಗಳ ಪಾಡು ಎನ್ನಬಹುದು. ರೂಪದ ಪ್ರಶ್ನೆ ಬರುವುದು ಇಲ್ಲೇ. ಡಬ್ಲ್ಯು124 ಇಂದಿಗೂ ರಸ್ತೆಯಲ್ಲಿರುವುದು ಅದು ಗಟ್ಟಿ ಎಂಬ ಒಂದೇ ಕಾರಣಕ್ಕಲ್ಲ. ಅದನ್ನು ಮೆಚ್ಚುವವರು ಇರುವುದರಿಂದ ಅದಕ್ಕೆ ಹಣ ಸುರಿಯುವವರಿದ್ದಾರೆ, ಹಣ ಸುರಿಯುವವರು ಇರುವುದರಿಂದ ಭಾಗಗಳನ್ನು ತರಿಸಿಡುವವರಿದ್ದಾರೆ. ಮೆಚ್ಚುವವರಿಲ್ಲದ ಕಾರಿಗೆ ಒಂದು ದೊಡ್ಡ ರಿಪೇರಿ ಬಂದರೆ, ರಿಪೇರಿಯ ಮೊತ್ತ ಕಾರಿನ ಬೆಲೆಯನ್ನು ಮೀರಿ, ಅದು ನೇರ ಗುಜರಿಗೆ ಹೋಗುತ್ತದೆ. ಹಾಗಾಗಿ ರೂಪದ ಬಗೆಗಿನ ಅಸಡ್ಡೆ ಬೆಲೆಯನ್ನು ಮಾತ್ರ ಇಳಿಸುವುದಿಲ್ಲ, ಆಯುಷ್ಯವನ್ನೂ ಕಡಿಯುತ್ತದೆ. ಬ್ಯಾಂಗಲ್ ಅವರ ಕಾರಿನ ಉದಾಹರಣೆ ಕೊಟ್ಟವರು 1994ರ ಫೋರ್ಡ್ ಸ್ಕಾರ್ಪಿಯೋವನ್ನು ಬಿಟ್ಟರು. ಅಗಲ ಬಾಯಿಯ, ಉಬ್ಬುಗಣ್ಣಿನ ಆ ಯುರೋಪಿನ ಕಾರು ನಾಲ್ಕೇ ವರ್ಷಕ್ಕೆ ನಿಂತಿತು, ಅದರ ಜಾಗಕ್ಕೆ ಫೋರ್ಡ್ ಅಲ್ಲಿ ಇನ್ನೊಂದು ದೊಡ್ಡ ಸೆಡಾನ್ ತರಲೇ ಇಲ್ಲ. ಕಾಲ ಎಲ್ಲ ಮುಖಗಳನ್ನೂ ಒಪ್ಪಿಸಿಬಿಡುವುದಿಲ್ಲ.

ನಾನೂ ಒಮ್ಮೆ ಇಂಥ ಒಂದು ಕಾರಿಗೆ ಮನಸೋತಿದ್ದೆ. ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ. ಮೂರು ವರ್ಷ ಓಡಿಸಿದೆ, ಆ ಮೂರರಲ್ಲಿ ಸುಮಾರು ಒಂದು ವರ್ಷ ಅದು ಒಂದಲ್ಲ ಒಂದು ಭಾಗಕ್ಕಾಗಿ ಕಾಯುತ್ತ ಗ್ಯಾರೇಜಿನಲ್ಲೇ ನಿಂತಿತ್ತು. ಕೊನೆಗೆ ಸೋತು ಶಿವಾಜಿನಗರದ ಗುಜರಿಗೆ ಕೊಟ್ಟ ದಿನ, ಹುಡುಗನೊಬ್ಬ ಸ್ಪ್ಯಾನರ್ ಹಿಡಿದು ಬಂದು ಮೊದಲು ಬಿಚ್ಚಿದ್ದು ಎರಡೂ ಹೆಡ್‌ಲೈಟ್‌ಗಳನ್ನು. ಎಲ್ಲರೂ ಆಡಿಕೊಳ್ಳುತ್ತಿದ್ದ ಆ ದೀಪಗಳಿಗಾಗಿ ಹಾಸನದಲ್ಲಿ ಯಾರೋ ಎಂಟು ತಿಂಗಳಿಂದ ಕಾಯುತ್ತಿದ್ದಾರೆ ಎಂದು ಅಂಗಡಿಯವರು ಹೇಳಿದರು.