ಸೆರಗು, ಫ್ಯಾನು ಮತ್ತು ಸಂತ ಪೌಲರು

ಮಂಗಳೂರಿನ ಇಗರ್ಜಿಗಳಲ್ಲಿ ಹೆಂಗಸರ ತಲೆಗಾಗಿ ಇಬ್ಬರು ಗುದ್ದಾಡುತ್ತಿರುತ್ತಾರೆ. ಒಬ್ಬರು ಸಂತ ಪೌಲರು, ಇನ್ನೊಂದು ಮೇಲೆ ತಿರುಗುವ ಫ್ಯಾನು. ಹೆಂಗಸರು ಪ್ರಾರ್ಥಿಸುವಾಗ ತಲೆಗೆ ಮುಸುಕು ಹಾಕಬೇಕೆಂದು ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದಲ್ಲಿ ಅಪ್ಪಣೆ ಕೊಟ್ಟು ಹೋದರು. ಅವರು ಜಾರ್ಜೆಟ್ ಸೀರೆ ಕಂಡವರಲ್ಲ. ಹತ್ತಿಯ ಸೆರಗು ಹೇಳಿದ ಮಾತು ಕೇಳುತ್ತದೆ. ಜಾರ್ಜೆಟ್ ಹಾಗಲ್ಲ, ಎಣ್ಣೆ ಹಚ್ಚಿದ ತಲೆಯ ಮೇಲೆ ಕೂರಿಸಿ ಕೈ ಮುಗಿಯುವಷ್ಟರಲ್ಲಿ ಹೆಗಲಿಗೆ ಇಳಿದಿರುತ್ತದೆ. ಸೇಫ್ಟಿಪಿನ್ ಚುಚ್ಚಿದರೆ ಮಂಡಿಯೂರುವಾಗ ಸೆರಗಿನ ಜೊತೆ ನಾಲ್ಕು ಕೂದಲೂ ಕಿತ್ತು ಬರುತ್ತವೆ. ಆಗ ಬರುವ ಕಣ್ಣೀರನ್ನು ಪಕ್ಕದವರು ಭಕ್ತಿಯೆಂದು ತಿಳಿದುಕೊಂಡರೆ ನಾನು ತಿದ್ದಲು ಹೋಗುವುದಿಲ್ಲ.

ಸೆರಗು ಜಾರಿದ್ದು ನನಗಿಂತ ಮೊದಲು ಗೊತ್ತಾಗುವುದು ನನ್ನ ಅತ್ತೆಗೆ. ಅವರ ಮೊಣಕೈ ನನ್ನ ಪಕ್ಕೆಗೆ ತಾಗಿತೆಂದರೆ ಅರ್ಥವಾಗುತ್ತದೆ. "ಈಗ ಅಂಥ ಕಾನೂನೇ ಇಲ್ಲ, ಮಾಂಯ್" ಎಂದು ನಾನು ವಾದಿಸಿಯೂ ನೋಡಿದ್ದೇನೆ. ಕ್ಯಾಥೊಲಿಕ್ ಧರ್ಮಸಭೆಯ 1917ರ ಕಾನೂನು ಸಂಹಿತೆಯಲ್ಲಿ 1262ನೆಯದಾಗಿ ಆ ನಿಯಮ ಇತ್ತು. ಹೆಂಗಸರು ತಲೆ ಮುಚ್ಚಿಕೊಳ್ಳಬೇಕು, ಪರಮಪ್ರಸಾದಕ್ಕೆ ಹೋಗುವಾಗಲಂತೂ ವಿಶೇಷವಾಗಿ. 1983ರ ಹೊಸ ಸಂಹಿತೆಯಲ್ಲಿ ಅದು ಕಾಣೆಯಾಯಿತು. ಅತ್ತೆ ತಾಳ್ಮೆಯಿಂದ ಎಲ್ಲವನ್ನೂ ಕೇಳಿಸಿಕೊಂಡು, "ರೋಮಿನವರಿಗೆ ಬರೆಯಲು ಮರೆತುಹೋಗಿರಬೇಕು" ಎಂದರು. ಅಲ್ಲಿಗೆ ಚರ್ಚೆ ಮುಗಿಯಿತು.

ಸೆರಗಿಗೆ ಅದರದೇ ಆದ ಉಪಕಾರಗಳೂ ಇವೆ, ಇಲ್ಲವೆನ್ನಲಾರೆ. ಪ್ರವಚನ ಉದ್ದವಾದ ದಿನ ಅದರ ಮರೆಯಲ್ಲಿ ಆಕಳಿಸಬಹುದು. ಆ ಕಡೆ ಕೂತ ಗಂಡಸರು ಬಾಯಿಗೆ ಕೈ ಅಡ್ಡ ಹಿಡಿದು ಪಡುವ ಪಾಡು ನೋಡಿದರೆ, ಪೌಲರು ನಮ್ಮ ಪರವಾಗಿಯೇ ಇದ್ದರೇನೋ ಎನಿಸುತ್ತದೆ.

ಇಷ್ಟರಲ್ಲಿ ನನ್ನ ಮಗಳು ಆನ್‌ಲೈನ್‌ನಲ್ಲಿ ಒಂದು ಲೇಸಿನ ಮುಸುಕು ತರಿಸಿಕೊಂಡಳು, ಕಪ್ಪು ಬಣ್ಣದ್ದು. ವಿದೇಶದಲ್ಲಿ ಹುಡುಗಿಯರು ತಾವಾಗಿಯೇ ಮತ್ತೆ ಇದನ್ನು ಹಾಕತೊಡಗಿದ್ದಾರಂತೆ. ಸೊಸೆಯ ತಲೆಗಾಗಿ ಇಷ್ಟು ವರ್ಷ ಹೋರಾಡಿದ ಅತ್ತೆ ಮೊಮ್ಮಗಳನ್ನು ಕಂಡು ಕುಣಿದಾಡುತ್ತಾರೆಂದು ನಾನು ಎಣಿಸಿದ್ದೆ. ಅವರು ಮುಸುಕನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಯಾರು ತೀರಿಕೊಂಡರು?" ಎಂದು ಕೇಳಿದರು.

"ಪೋಪರನ್ನು ಕಾಣಲು ಹೋಗುವ ಹೆಂಗಸರು ಕಪ್ಪನ್ನೇ ಹಾಕುವುದು ಹಿಂದಿನಿಂದ ಬಂದ ಪದ್ಧತಿ, ಅಜ್ಜಿ. ಬಿಳಿ ಹಾಕುವ ಹಕ್ಕು ಕ್ಯಾಥೊಲಿಕ್ ರಾಣಿಯರಂಥ ಕೆಲವರಿಗೆ ಮಾತ್ರ."

"ಪೋಪರು ನಮ್ಮ ವಾರ್ಡಿನಲ್ಲಿ ಇಲ್ಲವಲ್ಲ."

ಅವಳು ಹಟ ಹಿಡಿದು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮಾತೆ ಮರಿಯಮ್ಮನ ಹುಟ್ಟುಹಬ್ಬವೂ ಹೊಸ ತೆನೆಯ ಹಬ್ಬವೂ ಆದ ದಿನಕ್ಕೆ, ಅದನ್ನೇ ಹಾಕಿಕೊಂಡು ಬಂದಳು. ಗೇಟಿನ ಬಳಿಯೇ ಇಬ್ಬರು ನನ್ನ ಕೈ ಹಿಡಿದು, ಏನಾಯಿತೆಂದು ಮೆಲ್ಲಗೆ ವಿಚಾರಿಸಿದರು. ಅತ್ತೆ ನನ್ನ ಮುಖ ನೋಡಿದರು, ಮಾತಾಡಲಿಲ್ಲ.

ಪೂಜೆಯಾಗಿ, ಆಶೀರ್ವದಿಸಿದ ಭತ್ತದ ತೆನೆ ಪಡೆಯಲು ಎಲ್ಲರೂ ಒಟ್ಟಿಗೆ ನುಗ್ಗಿದರು. ಹಿಂದಿದ್ದವರ ಕೈಯ ತೆನೆಯೊಂದು ಮಗಳ ಲೇಸಿಗೆ ಸಿಕ್ಕಿಕೊಂಡಿತು. ಹೊಸ ತೆನೆಯ ಒರಟು ಕಾಳುಗಳು ಜಾಲರಿಯ ಕಣ್ಣುಗಳಲ್ಲಿ ಒಂದೊಂದಾಗಿ ಕಚ್ಚಿ ಕೂತವು. ಅವಳು ಮುಂದೆ ಹೆಜ್ಜೆ ಇಟ್ಟಳು, ಅವರು ತಮ್ಮ ತೆನೆಯನ್ನು ಹಿಂದಕ್ಕೆ ಜಗ್ಗಿದರು. ಇಬ್ಬರೂ ಬಿಡಲೊಲ್ಲರು. ಪರ್ರೆಂದು ಸದ್ದಾಯಿತು.

ಮನೆಗೆ ಬಂದ ಮೇಲೆ ಅತ್ತೆ ಕನ್ನಡಕ ಏರಿಸಿ, ಮುಸುಕನ್ನು ತೊಡೆಯ ಮೇಲೆ ಹರಡಿಕೊಂಡು, ಭತ್ತದ ಕಾಳುಗಳನ್ನು ಉಗುರಿನಿಂದ ಬಿಡಿಸತೊಡಗಿದರು. ಆಶೀರ್ವಾದದ ಕಾಳು, ಒಂದೂ ನೆಲಕ್ಕೆ ಬೀಳಬಾರದು. ಸಿಪ್ಪೆ ಸುಲಿದು ಎಲ್ಲವನ್ನೂ ಪಾಯಸಕ್ಕೆ ಹಾಕಿದರು. ಮಗಳು ಮಾತ್ರ ಪಾಯಸ ಮುಟ್ಟದೆ, ಹರಿದ ಮುಸುಕನ್ನು ಹಿಂದಿರುಗಿಸಲು ಮೊಬೈಲ್ ಹಿಡಿದು ಕೂತಿದ್ದಳು. ಅಲ್ಲಿ ಕಾರಣ ಆರಿಸಬೇಕಿತ್ತು: ಅಳತೆ ಸರಿಯಿಲ್ಲ, ಬಣ್ಣ ಬೇರೆ, ತಡವಾಗಿ ಬಂತು.

"ಬಣ್ಣ ಎಂದು ಹಾಕು" ಎಂದರು ಅತ್ತೆ.